ಬನ್ನಿನ ಗಂಟು

ಬನ್ನು ಕಂಡರೆ ನಡುಗುವ ಗಂಡಸು ಕುಸ್ಕೋ ಪಟ್ಟಣದಲ್ಲಿ ಯಾರಾದರೂ ಇದ್ದರೆ ಅವನು ಗಡಿಯಾರ ರಿಪೇರಿಯ ನಿಕನೋರ್ ಯುಪಾಂಕಿ. ವರ್ಷದ ಹನ್ನೊಂದು ತಿಂಗಳು ಅವನೂ ಎಲ್ಲರಂತೆ ಬನ್ನನ್ನು ಕಾಫಿಯಲ್ಲಿ ಅದ್ದಿ ತಿನ್ನುವವನೇ. ಸಂತರ ಮೆರವಣಿಗೆ ಹತ್ತಿರವಾಗುವ ಜೂನ್ ತಿಂಗಳಲ್ಲಿ ಮಾತ್ರ, ಯಾರಾದರೂ ಬನ್ನು ಹಿಡಿದು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಅವನು ಅಂಗಳದಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದ. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಒಂದು ಟೋಪಿಯೂ ಅದರ ಕೆಳಗೆ ಗ್ರಿಮಾಲ್ದೋನ ಮುಖವೂ ಮೂಡಿದವು. ಗ್ರಿಮಾಲ್ದೋ ಟೋಪಿ ಮಾಡುವವನು. ನಿಕನೋರನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನಾದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕಂಪಾದ್ರೆ' ಎಂದೇ ಕರೆಯುತ್ತಿದ್ದರು. ಕೇರಿಯ ಸುದ್ದಿಯೆಲ್ಲ ಮೊದಲು ಅವನ ಕಿವಿಗೆ ಬಿದ್ದು, ಉಪ್ಪು ಖಾರ ಹಚ್ಚಿಸಿಕೊಂಡು ಮುಂದಕ್ಕೆ ಹೋಗುತ್ತಿತ್ತು.

"ಇನ್ನೂ ಇಲ್ಲೇ ಇದೀಯಾ ಕಂಪಾದ್ರೆ? ನಾನಾಗಿದ್ರೆ ಇಷ್ಟೊತ್ತಿಗೆ ಊರು ಬಿಟ್ಟಿರ್ತಿದ್ದೆ."

"ಯಾಕೆ? ಏನಾಯ್ತೀಗ?"

"ದೋನ್ಯಾ ಅಸುಂತಾ ಹೊರಟಿದಾಳೆ. ಬೆನ್ನ ತುಂಬ ಬನ್ನಿನ ಗಂಟು. ಮೂಲೆ ಅಂಗಡೀಲಿ ನಿಂತ್ಕೊಂಡು ನಿನ್ನ ಹೆಸರು ಹಿಡಿದೇ ಕೇಳಿದ್ಲು, ಗಡಿಯಾರದ ನಿಕನೋರ್ ಮನೇಲಿದಾನಾ ಅಂತ."

ನಿಕನೋರನ ಕೈಯಲ್ಲಿದ್ದ ಕತ್ತಿ ಬಕೆಟ್ಟಿಗೆ ಬಿತ್ತು.

ಅವನು ಹೆದರಿದ್ದರಲ್ಲಿ ತಪ್ಪೇನಿಲ್ಲ. ಈ ವರ್ಷದ ಹಬ್ಬದ ಯಜಮಾನಿ ಅಸುಂತಾ, ಊರವರು ಗೌರವದಿಂದ 'ದೋನ್ಯಾ' ಅನ್ನುವ ಹಿರಿಯಳು. ಹಬ್ಬದ ಯಜಮಾನಿಕೆ ವಹಿಸಿಕೊಂಡವರು ಹೀಗೆ ಬನ್ನು ಹೊತ್ತು ಮನೆಮನೆಗೆ ಬರುತ್ತಾರೆ. ಅದಕ್ಕೆ ಹುರ್ಕಾ ಎಂದು ಹೆಸರು. ತಟ್ಟೆಯಗಲದ ಬನ್ನನ್ನು ಕೈಗಿಟ್ಟು "ಈ ವರ್ಷ ಸಂತನಿಗೆ ನಿನ್ನಿಂದ ಈ ಸೇವೆ ಆಗಬೇಕು" ಅನ್ನುತ್ತಾರೆ. ಬನ್ನು ಕೈಗೆ ಬಂತೋ, ಸೇವೆ ಹೆಗಲಿಗೆ ಬಂತು. ಬೇಡ ಅನ್ನುವ ಹಾಗೂ ಇಲ್ಲ. ಕಟುಕ ಎವಾರಿಸ್ತೋ ಒಮ್ಮೆ ಬೇಡ ಅಂದಿದ್ದ. ಮೂರೇ ದಿನದಲ್ಲಿ ಅವನ ತಲೆಗೂದಲೆಲ್ಲ ಉದುರಿತು. ಅದು ಮದುವೆಯಾದಾಗಿನಿಂದಲೂ ಉದುರುತ್ತಿತ್ತು ಎಂದು ಅವನ ಹೆಂಡತಿ ಹೇಳಿದರೂ ಕೇರಿಯಲ್ಲಿ ಯಾರೂ ಒಪ್ಪಲಿಲ್ಲ. ಆದ್ದರಿಂದ ಬನ್ನು ತಪ್ಪಿಸಿಕೊಳ್ಳಬೇಕೆಂದರೆ ಇರುವುದು ಒಂದೇ ದಾರಿ: ಹುಡುಕಿಕೊಂಡು ಬಂದವರ ಕೈಗೆ ಸಿಗಬಾರದು.

"ಯಾವ ಸೇವೆ ಅಂತೆ?" ಎಂದು ನಿಕನೋರ್ ಕೇಳಿದ. ಉತ್ತರ ಅವನಿಗೆ ಗೊತ್ತೇ ಇತ್ತು.

"ಅದನ್ನೂ ಬಾಯ್ಬಿಟ್ಟು ಹೇಳ್ಬೇಕಾ? ಹೋದ ವಾರ ನಿಮ್ಮಣ್ಣ ಲಿಯೋನ್ಸಿಯೋ ಏಣಿಯಿಂದ ಬಿದ್ದು ಕಾಲು ಮುರ್ಕೊಂಡ. ಮುಂದಿನ ಎಡಮೂಲೆ ಖಾಲಿ ಇದೆ."

ಮುಂದಿನ ಎಡಮೂಲೆ! ಅವರ ಕೇರಿಯ ಸಂತ ಕ್ರಿಸ್ತೋಬಾಲ್ ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ನಿಂತ ದೈತ್ಯ. ಸಂತ ಹೊತ್ತದ್ದು ಮಗುವೊಂದನ್ನೇ. ಆ ಸಂತನನ್ನೂ ಮಗುವನ್ನೂ ಬೆಳ್ಳಿಯ ಪೀಠವನ್ನೂ ಒಟ್ಟಿಗೆ ಹೊರಬೇಕಾದವರು ಕೇರಿಯ ಗಂಡಸರು. ಗುಡ್ಡದ ಮೇಲಿನ ಚರ್ಚಿನಿಂದ ಕೆಳಗಿನ ದೊಡ್ಡ ಚೌಕಕ್ಕೆ ಕಡಿದಾದ ಇಳಿಜಾರು. ಹಿಂದಿನವರು ಸುಮ್ಮನೆ ಕೈ ಕೊಟ್ಟುಕೊಂಡು ಬಂದರೂ ನಡೆದೀತು, ಭಾರವೆಲ್ಲ ಮುಂದಿನವರ ಮೇಲೆ. ಎಡಮೂಲೆಯಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಹೆಗಲು ಕೊಟ್ಟಿದ್ದ, ಆಮೇಲೆ ಅಣ್ಣ. ಅಣ್ಣನಿಗೆ ಜ್ವರ ಬಂದ ಒಂದೇ ಒಂದು ವರ್ಷ ನಿಕನೋರ್ ಅಲ್ಲಿ ನಿಂತಿದ್ದ. ಅಂದು ಬಲಕ್ಕೆ ವಾಲಿದ ಕತ್ತು ಇಪ್ಪತ್ತೇಳು ವರ್ಷವಾದರೂ ನೆಟ್ಟಗಾಗಿರಲಿಲ್ಲ. ಗಿರಾಕಿಗಳು ಅವನು ಗಡಿಯಾರದ ಸದ್ದು ಕೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಕತ್ತಿನ ಜೊತೆಗೆ ಮಂಡಿಯೂ ಹೋಯಿತೆಂದು ಅವನು ಕುಂಟತೊಡಗಿದ್ದ. ಆ ಕುಂಟು ಚರ್ಚಿನ ಮುಂದೆ ಹಾದುಹೋಗುವಾಗ ಹೆಚ್ಚಾಗಿ, ಬೀದಿ ತಿರುಗಿದ ಮೇಲೆ ತಾನಾಗಿ ಕಡಿಮೆಯಾಗುತ್ತಿತ್ತು.

"ಸೇವೆಯ ಪಟ್ಟಿ ಎಷ್ಟೊತ್ತಿಗೆ ಮುಗಿಯೋದು?"

"ಇವತ್ತು ಸಂಜೆ ಆರಕ್ಕೆ. ಚರ್ಚಿನ ಗಂಟೆ ಹೊಡೆದ್ರೆ ಆಯ್ತು, ಆಮೇಲೆ ಯಾರೂ ಯಾರನ್ನೂ ಕೇಳೋ ಹಾಗಿಲ್ಲ."

ನಿಕನೋರ್ ಮುಂಗೈಯ ಗಡಿಯಾರ ನೋಡಿಕೊಂಡ. ಎಂಟೂ ಹತ್ತು. ಹೆಂಡತಿ ಎದೆಲ್ಮಿರಾ ಬೆಳಗಾಗುವ ಮೊದಲೇ "ಒಂದು ಕೆಲ್ಸ ಇದೆ, ಹೋಗ್ಬರ್ತೀನಿ, ನೀನು ಮನೇಲೇ ಇರು" ಎಂದು ಹೇಳಿ ಹೋಗಿದ್ದಳು. ಮನೆಯಲ್ಲೇ ಇರುವುದಂತೆ! ಅಷ್ಟರಲ್ಲಿ ಬೀದಿಯ ಮೇಲ್ತುದಿಯಿಂದ ದೋನ್ಯಾ ಅಸುಂತಾಳ ಗಂಟಲು ಕೇಳಿಸಿತು. ಚರ್ಚಿನ ಗಂಟೆಗೆ ಬಿರುಕು ಬಿಟ್ಟಾಗ ಊರವರು ಅವಳನ್ನೇ ಗೋಪುರ ಹತ್ತಿಸೋಣ ಅಂದಿದ್ದರು, ಅಂಥ ಗಂಟಲು. ನಿಕನೋರ್ ಅರ್ಧ ಗಡ್ಡದ ಮುಖಕ್ಕೆ ಮಫ್ಲರ್ ಸುತ್ತಿ, ಹಿತ್ತಿಲ ಗೋಡೆ ಹಾರಿ, ಕಾಲಿಗೆ ಬುದ್ಧಿ ಹೇಳಿದ.

ದೊಡ್ಡ ಚೌಕ ತಲುಪುವ ಹೊತ್ತಿಗೆ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ಎದೆಲ್ಮಿರಾಳ ಹೆಸರು. ಕಿವಿಗಿಟ್ಟುಕೊಂಡರೆ ಹಿಂದಿನಿಂದ ಅಸುಂತಾಳ ದನಿ: "ಎಲ್ಲಿದಾನೆ ಕೇಳು! ಮೊದ್ಲು ಎಲ್ಲಿದಾನೆ ಅಂತ ಕೇಳು!"

ಅಯ್ಯೋ, ಹೆಂಡತಿಯನ್ನೂ ಹಿಡಿದಿದ್ದಾಳೆ! ನಿಕನೋರ್ ಫೋನನ್ನು ಆರಿಸಿ ಕಾಲುಚೀಲದೊಳಗೆ ತೂರಿಸಿದ.

ಚೌಕದ ದೊಡ್ಡ ಚರ್ಚಿನ ಮುಂದೆ ಪ್ರವಾಸಿಗಳ ಗುಂಪೊಂದು ನಿಂತಿತ್ತು. ಎಲ್ಲರ ತಲೆಯ ಮೇಲೂ ಹಳದಿ ಟೋಪಿ. ಮಿಲೂಸ್ಕಾ ಎಂಬ ಗೈಡ್ ಹುಡುಗಿ ಹಳದಿ ಬಾವುಟ ಹಿಡಿದು ತಲೆ ಎಣಿಸುತ್ತಿದ್ದಳು. ಅವಳು ಅರೆಕೀಪಾದವಳು, ಊರಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ.

"ಒಬ್ರು ಕಮ್ಮಿ ಇದಾರಲ್ಲ. ಸಾರ್, ಪಿಯುರಾದಿಂದ ಬರಬೇಕಿದ್ದ ಬರ್ದಾಲೆಸ್ ಅನ್ನೋರು ನೀವೇನಾ?"

ನಿಕನೋರ್ ಹಿಂದಿರುಗಿ ನೋಡಿದ. ಚೌಕದ ಮೂಲೆಯಲ್ಲಿ ಬೆನ್ನಿಗೆ ಕಟ್ಟಿದ ಕೆಂಪು ಗಂಟೊಂದು ಇಳಿದು ಬರುತ್ತಿತ್ತು.

"ಹೂಂ. ನಾನೇ," ಅಂದ. ಮರುಕ್ಷಣ ಅವನ ತಲೆಗೂ ಹಳದಿ ಟೋಪಿ ಬಂತು.

ತಾನು ಹುಟ್ಟಿದ ಊರನ್ನು ನಲವತ್ತೇಳು ವರ್ಷಗಳ ನಂತರ ನಿಕನೋರ್ ನೋಡಲು ಹೊರಟದ್ದು ಹೀಗೆ. ಚರ್ಚಿಗೆ ಅವನು ಎಷ್ಟೋ ಸಲ ಬಂದಿದ್ದ. ಮೊಣಕಾಲೂರಿ, ಕೈಮುಗಿದು, ನೆಲ ನೋಡುತ್ತ ಹೋಗಿದ್ದ. ಈಗ ಮಿಲೂಸ್ಕಾ ತೋರಿಸಿದ ಕಡೆ ಕತ್ತೆತ್ತಿದರೆ ಯೇಸುವಿನ ಕೊನೆಯ ಭೋಜನದ ದೊಡ್ಡ ಚಿತ್ರ. ತಟ್ಟೆಯಲ್ಲಿ ನಾಲ್ಕು ಕಾಲೂ ಮೇಲೆತ್ತಿ ಮಲಗಿದ್ದ ಹುರಿದ ಗಿನಿಯಿಲಿ! ಅವನ ಮನೆಯ ಹಬ್ಬದೂಟವೂ ಅದೇ. ಯೇಸುವೂ ನಮ್ಮ ಕೇರಿಯವನೇ ಅನ್ನಿಸಿ ಅವನಿಗೆ ಒಂದು ಗಳಿಗೆ ಭಯವೇ ಮರೆತುಹೋಯಿತು. ಆಮೇಲೆ ಮೇಜಿನ ಮೇಲಿದ್ದ ಬನ್ನು ಕಣ್ಣಿಗೆ ಬಿದ್ದು ಮತ್ತೆ ನೆನಪಾಯಿತು.

"ಪಿಯುರಾದಲ್ಲಿ ಎಲ್ಲಿ ನಿಮ್ಮ ಮನೆ?" ಎಂದು ಯಾರೋ ಭುಜ ತಟ್ಟಿದರು.

ದೋನ್ಯಾ ಬ್ರಿಗಿದಾ, ನಿವೃತ್ತ ಟೀಚರು. ಅವಳು ನಿಜವಾಗಿಯೂ ಪಿಯುರಾದವಳು. ಕರಾವಳಿ ಸೀಮೆಯ ಆ ಬಿಸಿಲೂರನ್ನು ನಿಕನೋರ್ ಕನಸಿನಲ್ಲೂ ಕಂಡವನಲ್ಲ.

"ಚರ್ಚಿನ ಹತ್ರ," ಅಂದ.

"ಯಾವ ಚರ್ಚು?"

"ದೊಡ್ಡದು."

"ದೊಡ್ಡ ಚರ್ಚಿನ ಹತ್ರ ನಾನಿರೋದು! ಮೂವತ್ತು ವರ್ಷದಿಂದ! ನಿಮ್ಮನ್ನ ಒಂದು ದಿನಾನೂ ನೋಡಿಲ್ವಲ್ಲ?"

ನಿಕನೋರನಿಗೆ ಬೇರೆ ದಾರಿ ತೋಚಲಿಲ್ಲ. ಕಂಬ ಹಿಡಿದುಕೊಂಡು ಕಣ್ಣು ತೇಲಿಸಿ "ತಲೆ ಸುತ್ತು" ಅಂದ. ಕೆಳನಾಡಿನವರಿಗೆ ಈ ಎತ್ತರದಲ್ಲಿ ಉಸಿರು ಸಾಲದೆ ಹೀಗಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಿಲೂಸ್ಕಾ ಓಡಿಬಂದು ಆಮ್ಲಜನಕದ ಡಬ್ಬಿಯನ್ನು ಅವನ ಮೂಗಿಗೆ ಒತ್ತಿದಳು. ಅದೇ ಗಾಳಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಐದು ನಿಮಿಷ ಡಬ್ಬಿಯ ಗಾಳಿ ಎಳೆದ. ಅಲ್ಲಿಂದ ಮುಂದೆ ಆ ಟೀಚರು ಅವನ ಕೈ ಬಿಡಲಿಲ್ಲ. "ನಿಧಾನ ಬರ್ದಾಲೆಸ್, ನಿಧಾನ, ನಮ್ಮ ಎದೆ ಈ ಊರಿಗೆ ಹೇಳಿ ಮಾಡಿಸಿದ್ದಲ್ಲ" ಅನ್ನುತ್ತಲೇ ಇದ್ದಳು.

ಮುಂದಿನದು ಕಲ್ಲುಗೋಡೆಯ ಓಣಿ. ಹನ್ನೆರಡು ಮೂಲೆಯ ಕಲ್ಲೊಂದು ಆ ಗೋಡೆಯಲ್ಲಿದೆ, ಅದನ್ನು ನೋಡಲು ಲೋಕವೇ ಬರುತ್ತದೆ. ದಿನಾ ಆ ಓಣಿಯಲ್ಲೇ ಅಂಗಡಿಗೆ ಹೋಗುವ ನಿಕನೋರ್ ಇವತ್ತು ಮೊದಲ ಸಲ ನಿಂತು ಎಣಿಸಿದ. ಹನ್ನೊಂದಾಯಿತು. ಮತ್ತೆ ಎಣಿಸಿದ. ಒಂಬತ್ತಕ್ಕೆ ಬಂದಿದ್ದಾಗ ಓಣಿಯ ತುದಿಯಿಂದ ಅದೇ ಗಂಟಲು.

"ಯಾರಾದ್ರೂ ನೋಡಿದ್ರಾ? ಗಡಿಯಾರದೋನು! ಕತ್ತು ಓರೆ, ಒಂದು ಕಾಲು ಕುಂಟು!"

ಅಸುಂತಾ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಗ್ರಿಮಾಲ್ದೋ! ಬೆಳಿಗ್ಗೆ ಓಡು ಅಂದವನು ಈಗ ಹಿಡಿಯುವವರ ಜೊತೆ ಸೇರಿ, ಟೋಪಿ ಹಿಂದಕ್ಕೆ ತಳ್ಳಿಕೊಂಡು ಎಡಬಲ ನೋಡುತ್ತಿದ್ದ. ಇನ್ನೊಬ್ಬರ ಪೇಚಾಟ ಹತ್ತಿರದಿಂದ ನೋಡುವ ಅವಕಾಶ ಅವನೆಂದೂ ಬಿಟ್ಟವನಲ್ಲ.

ನಿಕನೋರ್ ಬೆದರಿ ಗೋಡೆಗೆ ಅಂಟಿಕೊಂಡ. ಪೀಂ ಎಂದು ಸೀಟಿ ಕೂಗಿತು.

"ಏಯ್, ಹಳದಿ ಟೋಪಿ! ಕಲ್ಲು ಮುಟ್ಟಬಾರ್ದು ಅಂತ ಬರೆದಿರೋದು ಕಾಣ್ಸಲ್ವಾ?" ಎಂದು ಕಾವಲುಗಾರ ಗದರಿದ. ಓಣಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಸುಂತಾಳೂ ತಿರುಗಿದಳು.

ಓರೆ ಕತ್ತು, ಕುಂಟು ಕಾಲು. ಅವಳು ಹುಡುಕುತ್ತಿರುವುದು ಅವನ್ನೇ. ನಿಕನೋರನ ತಲೆ ಇಷ್ಟು ಚುರುಕಾಗಿ ಎಂದೂ ಓಡಿರಲಿಲ್ಲ. ಹಲ್ಲು ಕಚ್ಚಿ ಕತ್ತನ್ನು ನೆಟ್ಟಗೆ ಮಾಡಿದ. ಒಳಗೆ ಲಟಕ್ಕೆಂದಿತು, ಕಣ್ಣಲ್ಲಿ ನೀರು ಬಂತು. ನಿಂತಿತು ಕತ್ತು! ಆಮೇಲೆ ಎದೆ ಸೆಟೆಸಿ, ಸಿಪಾಯಿಯ ಹಾಗೆ ದಾಪುಗಾಲು ಹಾಕುತ್ತ ಅಸುಂತಾಳ ಮುಂದೆಯೇ ಹಾದುಹೋದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಅವರು ನಮ್ಮೂರಿನವರು," ಎಂದು ದೋನ್ಯಾ ಬ್ರಿಗಿದಾ ಅವಳನ್ನೇ ಗದರಿಸಿದಳು.

ಮಧ್ಯಾಹ್ನದ ಊಟಕ್ಕೆ ಕೂತರೆ ಎಲ್ಲರ ಮುಂದೆಯೂ ಬುಟ್ಟಿಯಲ್ಲಿ ಬನ್ನು. ಯಾರು ಯಾರ ಕೈಯಲ್ಲಿ ಕಳಿಸಿದ್ದಾರೋ ಯಾರಿಗೆ ಗೊತ್ತು! ನಿಕನೋರ್ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತ. ಸೂಪು ಬಂತು; ಅದರಲ್ಲೂ ಬನ್ನಿನ ಚೂರುಗಳು ತೇಲುತ್ತಿದ್ದವು. ಅದನ್ನೂ ಮುಂದಕ್ಕೆ ಸರಿಸಿದ. ಹೊಟ್ಟೆ ತಾಳ ಹಾಕುತ್ತಿತ್ತು.

"ನಮ್ಮೂರಿನ ಮೀನು ನೆನಪಾಯ್ತಾ?" ಎಂದು ಟೀಚರು ಮರುಗಿದಳು.

ಸೂರ್ಯನ ಗುಡಿಯ ಗೋಡೆಗಳನ್ನು ನೋಡಿ, ಬಸ್ಸು ಹತ್ತಿ, ನಾಲ್ಕೂವರೆಗೆ ಎಲ್ಲರೂ ಊರ ಮೇಲಿನ ಕೋಟೆಗೆ ಬಂದರು. ಆನೆಗಿಂತ ದೊಡ್ಡ ಕಲ್ಲುಗಳು, ಸೂಜಿ ತೂರದ ಸಂದುಗಳು. ಕೆಳಗೆ ಕೆಂಪು ಹೆಂಚಿನ ಊರಿಗೆ ಊರೇ ಬೋಗುಣಿಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಇಷ್ಟು ಚೆಂದದ ಊರಿನಲ್ಲಿ ಇಷ್ಟು ವರ್ಷ ಬರೀ ಗಡಿಯಾರದ ಹಲ್ಲುಚಕ್ರ ನೋಡಿಕೊಂಡು ಕೂತೆನಲ್ಲ ಎಂದು ನಿಕನೋರನಿಗೆ ನಿಜಕ್ಕೂ ಸಂಕಟವಾಯಿತು. ಆ ಕೆಂಪು ಹೆಂಚುಗಳ ನಡುವೆ ತನ್ನ ಮನೆ ಯಾವುದೆಂದು ಹುಡುಕುತ್ತಿದ್ದಾಗ ಹಿಂದಿನಿಂದ ಕೂಗು ಬಂತು.

"ಅಗೋ! ಅಗೋ ಅಲ್ಲಿ! ಹಳದಿ ಟೋಪಿ! ನಾನ್ ಹೇಳ್ಲಿಲ್ವಾ ದೋನ್ಯಾ, ಅರ್ಧ ಗಡ್ಡದೋನು ಬೇರೆ ಯಾರೂ ಇರಕ್ಕಿಲ್ಲ ಅಂತ!"

ಗಾಳಿಗೆ ಮಫ್ಲರ್ ಜಾರಿತ್ತು. ಐವತ್ತು ಹೆಜ್ಜೆ ದೂರದಲ್ಲಿ ಗ್ರಿಮಾಲ್ದೋ, ಅವನ ಹಿಂದೆ ಏದುಸಿರು ಬಿಡುತ್ತ ದೋನ್ಯಾ ಅಸುಂತಾ. ಗಂಟು ಬಿಚ್ಚಿ ಒಂದು ಬನ್ನನ್ನು ಕೈಯಲ್ಲೇ ಹಿಡಿದಿದ್ದಳು.

"ನಿಕನೋರಾ! ನಿಂತ್ಕೊಳೋ! ತಗೊಳೋ ಇದನ್ನ!"

ಅವನು ಓಡಿದ. ಕಲ್ಲಿಂದ ಕಲ್ಲಿಗೆ ಹಾರಿದ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದ. "ಬರ್ದಾಲೆಸ್! ನಿಮ್ಮ ಎದೆ! ನಿಮ್ಮ ಎದೆ!" ಎಂದು ಟೀಚರು ಬೊಬ್ಬೆ ಹೊಡೆದಳು. ಕೋಟೆಯ ಆಚೆಗೆ ನುಣುಪಾದ ಜಾರುಬಂಡೆ ಇದೆ. ಮಕ್ಕಳು ಅಲ್ಲಿ ಕೂತು ಜಾರುತ್ತಾರೆ. ನಿಕನೋರ್ ಕೂರಲಿಲ್ಲ, ನಿಂತೇ ಹೊರಟ. ಅರ್ಧ ದಾರಿಯಲ್ಲಿ ಕೂತದ್ದು ಅವನ ಇಚ್ಛೆಯಿಂದ ಅಲ್ಲ. ಪ್ಯಾಂಟಿನ ಹಿಂಭಾಗ ಬಂಡೆಗೇ ಉಳಿಯಿತು. ಕೆಳಗೆ ಬಿದ್ದವನು ಚೆಂಡಿನ ಹಾಗೆ ಪುಟಿದು ಮತ್ತೆ ಓಡಿದಾಗ ಪ್ರವಾಸಿಗಳೆಲ್ಲ ಚಪ್ಪಾಳೆ ತಟ್ಟಿದರು. ಮೇಲೆ ಬಂಡೆಯ ಅಂಚಿನಲ್ಲಿ ದೋನ್ಯಾ ಅಸುಂತಾ ಬನ್ನು ಹಿಡಿದ ಕೈಯನ್ನು ಇಳಿಸಿ, ಬಾಯಿ ತೆರೆದು ನೋಡುತ್ತ ನಿಂತಳು. ಆಮೇಲೆ ಅವಳು ಕೂಗಲಿಲ್ಲ.

ಬಂಡೆಯ ಬುಡದಲ್ಲಿ ಒಂದು ಸುರಂಗ. ಅದರೊಳಗೆ ಹೋದವರು ದಾರಿತಪ್ಪಿ ಎಷ್ಟೋ ವರ್ಷದ ಮೇಲೆ ಸೂರ್ಯನ ಗುಡಿಯ ಕೆಳಗೆ ಬುದ್ಧಿ ಕೆಟ್ಟು ಹೊರಬರುತ್ತಾರೆಂದು ಅಜ್ಜಿ ಹೇಳಿದ್ದು ನಿಕನೋರನಿಗೆ ಚೆನ್ನಾಗಿ ನೆನಪಿತ್ತು. ಬುದ್ಧಿ ಕೆಟ್ಟರೂ ಚಿಂತೆಯಿಲ್ಲ, ಹೆಗಲು ಉಳಿಯುತ್ತದಲ್ಲ ಎಂದುಕೊಂಡು ನುಗ್ಗಿದ. ಒಳಗೆ ಕಗ್ಗತ್ತಲು, ತಣ್ಣನೆಯ ಕಲ್ಲು. ಯಾರೋ ಹಿಂದೆಯೇ ಉಸಿರಾಡುತ್ತಿದ್ದರು. ಅವನು ಉಸಿರು ಬಿಗಿಹಿಡಿದ. ಆ ಸದ್ದೂ ನಿಂತಿತು. ಅದು ತನ್ನದೇ ಉಸಿರೆಂದು ತಿಳಿಯುವ ಹೊತ್ತಿಗೆ ಮೂರು ಸಲ ಸಂತ ಕ್ರಿಸ್ತೋಬಾಲನನ್ನೇ ಕರೆದಿದ್ದ. "ನನ್ನ ಕಾಪಾಡಪ್ಪಾ" ಎಂದು ಬೇಡಿಕೊಂಡವನಿಗೆ, ಯಾರಿಂದ ಕಾಪಾಡಲು ಯಾರನ್ನು ಕೇಳುತ್ತಿದ್ದೇನೆ ಎಂದು ಹೊಳೆಯಿತು; ಬಾಯಿ ಮುಚ್ಚಿಕೊಂಡ. ಗಡಿಯಾರದ ಹಸಿರು ಮುಳ್ಳುಗಳು ಮಾತ್ರ ಮಿನುಗುತ್ತಿದ್ದವು. ಐದೂ ಕಾಲು. ಐದೂವರೆ. ಜೀವಮಾನವಿಡೀ ಜನರ ಗಡಿಯಾರ ಓಡಿಸಿದವನಿಗೆ ತನ್ನದು ಇಷ್ಟು ನಿಧಾನ ಎಂದು ಇವತ್ತೇ ತಿಳಿದದ್ದು.

ಕೊನೆಗೂ ಕೆಳಗಿನ ಚರ್ಚಿನಿಂದ ಗಂಟೆ ಕೇಳಿಸಿತು. ಒಂದು, ಎರಡು... ಆರು. ಪಟ್ಟಿ ಮುಗಿಯಿತು! ನಿಕನೋರ್ ಹೊರಬಂದು ಆಕಾಶ ನೋಡಿ ಜೋರಾಗಿ ನಕ್ಕ. ಹಿಂದೆ ಗಾಳಿ ಆಡುತ್ತಿದ್ದರೂ ಲೆಕ್ಕಿಸದೆ, ಟೋಪಿಯನ್ನು ಅದಕ್ಕೆ ಅಡ್ಡ ಹಿಡಿದುಕೊಂಡು ಗುಡ್ಡ ಇಳಿದ. ಈಗ ಯಾರು ಬನ್ನು ಕೊಟ್ಟರೂ ತಿನ್ನಬಹುದು.

ಅಂಗಳದಲ್ಲಿ ಅರ್ಧ ಕೇರಿ ಸೇರಿತ್ತು. ಎದೆಲ್ಮಿರಾ ತಲೆಗೆ ಕೈಹೊತ್ತು ಕೂತಿದ್ದಳು. ದೋನ್ಯಾ ಅಸುಂತಾ ಬೆಂಚಿನ ಮೇಲೆ ಬೂಟು ಬಿಚ್ಚಿ ಕಾಲು ನೀವಿಕೊಳ್ಳುತ್ತಿದ್ದಳು. ಗ್ರಿಮಾಲ್ದೋ ತುದಿಯಲ್ಲಿ ಕವಲಿದ್ದ ಉದ್ದನೆಯ ಕೋಲೊಂದನ್ನು ಹಿಡಿದು, ಅದಕ್ಕೆ ಬಣ್ಣದ ಪಟ್ಟಿ ಸುತ್ತುತ್ತಿದ್ದ.

"ಆರು ಹೊಡೀತು ದೋನ್ಯಾ," ಎಂದು ನಿಕನೋರ್ ಬಾಗಿಲಲ್ಲೇ ಸಾರಿದ. "ಬನ್ನು ನಾನು ಮುಟ್ಟಿಲ್ಲ. ಎಲ್ರೂ ಸಾಕ್ಷಿ."

"ಮುಟ್ಟಿಲ್ಲ ಕಣಪ್ಪಾ. ಅದೇ ನಿನ್ನ ಹಣೆಬರಹ," ಅಂದಳು ಅಸುಂತಾ.

"ಅಂದ್ರೆ?"

ಎದೆಲ್ಮಿರಾ ಎದ್ದು ನಿಂತಳು. "ಎಲ್ಲಿ ಸತ್ತಿದ್ದೆ ನೀನು? ಫೋನ್ ಯಾಕೆ ಆರಿಸ್ದೆ? ಬೆಳಗಾಗೋ ಮುಂಚೆ ಹೋಗಿ ಈ ಯಮ್ಮನ ಕಾಲು ಹಿಡ್ಕೊಂಡು ಅತ್ತಿದೀನಿ. ನನ್ನ ಗಂಡಂಗೆ ಕತ್ತಿಲ್ಲ, ಮಂಡಿ ಇಲ್ಲ, ಆ ಮೂಲೆಯಿಂದ ಬಿಡಿಸ್ರೀ ಅಂತ!"

"ಬಿಡ್ಸೋದಾ? ನಾನು ಸೇರೇ ಇಲ್ವಲ್ಲ!"

ಅಸುಂತಾ ಮಗುವಿಗೆ ಹೇಳುವ ಹಾಗೆ ಹೇಳಿದಳು: "ಬನ್ನು ಕೊಟ್ಟು ಕೇಳೋದು ಬೇರೆಯವರನ್ನ ಕಣೋ. ಅಪ್ಪನ ಮೂಲೆಗೆ ಮಗನ್ನ ಯಾರಾದ್ರೂ ಬನ್ನು ಕೊಟ್ಟು ಕರೀತಾರಾ? ನಿಮ್ಮಣ್ಣ ಬಿದ್ದ ದಿನಾನೇ ನಿನ್ನ ಹೆಸರು ಬರೆದಾಯ್ತು. ಅದನ್ನ ತೆಗೀಬೇಕಂದ್ರೆ ನಿನ್ಗೆ ಬೇರೆ ಸೇವೆ ಕೊಡ್ಬೇಕು. ಅದಕ್ಕೆ ಬನ್ನು ತಂದೆ. ಸಂತನ ಮುಂದೆ ನಡ್ಕೊಂಡು, ಕರೆಂಟು ತಂತಿ ಅಡ್ಡ ಬಂದ್ರೆ ಕೋಲಲ್ಲಿ ಎತ್ತಿ ಹಿಡಿಯೋದು. ಅಷ್ಟೇ. ಮಗೂನೂ ಮಾಡ್ಬಹುದು. ನಿನ್ಗೆ ಆ ಬನ್ನು ಕೊಡೋಕೆ ಊರೆಲ್ಲ ಅಲೆದೆ ನಾನು, ಈ ವಯಸ್ಸಲ್ಲಿ!"

ನಿಕನೋರ್ ನಿಧಾನವಾಗಿ ಗ್ರಿಮಾಲ್ದೋನ ಕೈಯಲ್ಲಿದ್ದ ಕೋಲಿನ ಕಡೆ ತಿರುಗಿದ.

"ಏನ್ಮಾಡ್ಲಿ ಕಂಪಾದ್ರೆ, ಆರಕ್ಕೆ ಐದು ನಿಮಿಷ ಇತ್ತು," ಎಂದು ಗ್ರಿಮಾಲ್ದೋ ಕಣ್ಣು ತಗ್ಗಿಸಿದ. "ಬನ್ನು ವೇಸ್ಟ್ ಆಗ್ತಿತ್ತು."

"ದೋನ್ಯಾ, ನನ್ನ ಮಂಡಿ..." ಎಂದು ನಿಕನೋರ್ ಒಂದು ಹೆಜ್ಜೆ ಕುಂಟಿದ.

"ಯಾವ ಮಂಡಿ? ಜಾರುಬಂಡೆ ಹಾರಿದ್ದಾ, ಎರಡೆರಡು ಮೆಟ್ಲು ಹತ್ತಿದ್ದಾ? ಕತ್ತೂ ನೆಟ್ಟಗಾಗಿದೆ, ಸಂತನ ಕೃಪೆ!" ಅಸುಂತಾಳ ಕಣ್ಣಲ್ಲಿ ಭಕ್ತಿಯ ನೀರು ತುಂಬಿತ್ತು. "ನಿನ್ನಂಥ ಕಾಲು ಕೇರೀಲಿ ಯಾರಿಗೂ ಇಲ್ಲ ಅಂತ ಎಲ್ಲರ ಮುಂದೆ ಹೇಳಿ ಬಂದಿದೀನಿ. ಇಳಿಯೋವಾಗ ಮುಂದಿನ ಎಡಮೂಲೆ. ಎಂಟು ದಿನ ಬಿಟ್ಟು ಸಂತ ವಾಪಸ್ ಗುಡ್ಡ ಹತ್ತೋವಾಗ ಭಾರ ಎಲ್ಲಾ ಹಿಂದಕ್ಕೆ ಬರುತ್ತಲ್ಲ, ಆಗ ಹಿಂದಿನ ಎಡಮೂಲೆ. ಎರಡೂ ನಿಂದೇ."

ಕೇರಿಯವರು ಚಪ್ಪಾಳೆ ತಟ್ಟಿದರು. ನಿಕನೋರನ ಕತ್ತು ಮೆಲ್ಲಗೆ ತನ್ನ ಹಳೆಯ ಜಾಗಕ್ಕೆ ವಾಲಿತು, ಆದರೆ ಈಗ ಅದನ್ನು ಯಾರೂ ಗಮನಿಸಲಿಲ್ಲ. ಅವನು ಬೆಂಚಿನ ತುದಿಯಲ್ಲಿ ಕುಸಿದು ಕೂತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ದೋನ್ಯಾ," ಎಂದು ಸಣ್ಣ ದನಿಯಲ್ಲಿ ಕೇಳಿದ, "ಒಂದು ಬನ್ನು ಉಳಿದಿದ್ಯಾ?"

ಅಸುಂತಾ ಕೆಂಪು ಬಟ್ಟೆಯನ್ನು ಕೊಡವಿ ತೋರಿಸಿದಳು. ಗ್ರಿಮಾಲ್ದೋ ಮೀಸೆಗೆ ಅಂಟಿದ್ದ ಚೂರೊಂದನ್ನು ಒರೆಸಿಕೊಂಡ.